ಕಾಣಿಕೆ ಕೊಟ್ಟವರು ಲೆಕ್ಕ ಕೇಳಬಹುದು

ಕೇಳುಗರೆಲ್ಲರಿಗೂ ನಮಸ್ಕಾರ.

ದಾವಣಗೆರೆಯಲ್ಲಿ ನಮ್ಮದೊಂದು ಚಿಕ್ಕ ಕ್ರೈಸ್ತ ಸಭೆ, ಅಂದರೆ ಚರ್ಚು. ಆರಾಧನೆಗೆ ಬರುವವರಲ್ಲಿ ಗಾರೆ ಕೆಲಸದವರಿದ್ದಾರೆ, ನರ್ಸುಗಳಿದ್ದಾರೆ, ಮೇಷ್ಟ್ರುಗಳಿದ್ದಾರೆ, ಒಂದು ಕಾಲದಲ್ಲಿ ಹತ್ತಿ ಗಿರಣಿಯಲ್ಲಿ ದುಡಿದ ಹಿರಿಯರಿದ್ದಾರೆ. ನಾನು ಈ ಸಭೆಯ ಖಜಾಂಚಿ. ಭಾನುವಾರ ಆರಾಧನೆ ಮುಗಿದ ಮೇಲೆ ಕಾಣಿಕೆ ಚೀಲವನ್ನು ನಾನೊಬ್ಬನೇ ಬಿಚ್ಚುವ ಹಾಗಿಲ್ಲ. ಸಮಿತಿಯ ಇನ್ನಿಬ್ಬರು ಮೇಜಿನ ಎದುರು ಕೂತಿರಬೇಕು. ಹತ್ತರ ನೋಟು ಬೇರೆ, ಐವತ್ತರದ್ದು ಬೇರೆ, ಚಿಲ್ಲರೆ ಬೇರೆ. ಒಬ್ಬರು ಎಣಿಸಿದ್ದನ್ನು ಇನ್ನೊಬ್ಬರು ಮತ್ತೆ ಎಣಿಸಬೇಕು. ಪುಸ್ತಕದಲ್ಲಿ ಬರೆದು ಮೂವರೂ ಸಹಿ ಹಾಕಬೇಕು. ಸೋಮವಾರ ಅದು ಬ್ಯಾಂಕಿಗೆ ಹೋಗುತ್ತದೆ. ಸುಗ್ಗಿ ಹಬ್ಬದ ದಿನ ಕೆಲಸ ಇನ್ನೂ ಜಾಸ್ತಿ. ಜನ ತಂದ ಕುಂಬಳಕಾಯಿ, ಬಾಳೆಗೊನೆ, ನಾಟಿ ಕೋಳಿ ಎಲ್ಲವೂ ಹರಾಜಾಗುತ್ತವೆ. ಒಂದು ತೆಂಗಿನಕಾಯಿಯನ್ನು ಯಾರೋ ಪ್ರೀತಿಯಿಂದ ಐನೂರಕ್ಕೆ ಕೂಗುತ್ತಾರೆ. ಆ ಐನೂರಕ್ಕೂ ರಸೀದಿ ಹರಿಯಬೇಕು.

ವರ್ಷಕ್ಕೊಮ್ಮೆ ಮಹಾಸಭೆಯಲ್ಲಿ ಎದ್ದು ನಿಂತು ಜಮಾ ಖರ್ಚು ಓದುತ್ತೇನೆ. ಅಯ್ಯನವರ, ಅಂದರೆ ನಮ್ಮ ಪಾದ್ರಿಯವರ, ಸಂಬಳ ಎಷ್ಟು ಅನ್ನುವುದೂ ಅದರಲ್ಲಿ ಇರುತ್ತದೆ. ನಮ್ಮಲ್ಲಿ ಒಬ್ಬ ಅಜ್ಜಿ ಇದ್ದಾರೆ. ಹಿಂದಿನ ಬೆಂಚಿನಿಂದ ಅವರು ಕೇಳೇ ಕೇಳುತ್ತಾರೆ: "ಬಣ್ಣ ಬಳಿಯೋಕೆ ಇಷ್ಟೊಂದು ಯಾಕಾತಪ್ಪಾ?" ಬಿಲ್ಲು ತೋರಿಸುತ್ತೇನೆ. ಅವರು ಕನ್ನಡಕ ಹಾಕಿಕೊಂಡು ನೋಡುತ್ತಾರೆ. ನನಗೆ ಇದರಿಂದ ಬೇಜಾರಿಲ್ಲ. ಅವರು ಕೇಳುವುದರಿಂದಲೇ ನನ್ನ ಪುಸ್ತಕ ನೆಟ್ಟಗಿದೆ.

ಇದೇ ಅಜ್ಜಿ ಪ್ರತಿ ತಿಂಗಳು ವಿಧವಾ ವೇತನ ಬಂದ ಕೂಡಲೇ ಅದರಲ್ಲಿ ಒಂದಿಷ್ಟನ್ನು ಟಿವಿಯಲ್ಲಿ ಬರುವ ಒಂದು ಸೇವೆಗೆ, ಅಂದರೆ ಟಿವಿಯಲ್ಲಿ ಬೋಧನೆ ಮಾಡುವ ಕ್ರೈಸ್ತ ಸಂಸ್ಥೆಗೆ, ಕಳಿಸುತ್ತಾರೆ. ಪರದೆಯ ಮೂಲೆಯಲ್ಲಿ ಕ್ಯೂಆರ್ ಕೋಡ್ ಬರುತ್ತದೆ, ಮೊಮ್ಮಗ ಫೋನ್ ಹಿಡಿಯುತ್ತಾನೆ, ದುಡ್ಡು ಹೋಗುತ್ತದೆ. "ರಸೀದಿ ಬಂತಾ ಅಜ್ಜಿ?" ಅಂತ ಒಮ್ಮೆ ಕೇಳಿದೆ. "ದೇವಸೇವಕರ ಹತ್ರ ಹಂಗೆಲ್ಲ ಕೇಳಬಾರದಪ್ಪಾ" ಅಂದರು. ಕಣ್ಣೆದುರಿನ ಖಜಾಂಚಿಯ ಹತ್ತಿರ ಬಣ್ಣದ ಬಿಲ್ಲು ಕೇಳುವವರು, ಮುಖ ನೋಡಿ ಗೊತ್ತಿಲ್ಲದವರ ಹತ್ತಿರ ಏನೂ ಕೇಳುವುದಿಲ್ಲ. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಇದರ ಬಗ್ಗೆ.

ಟಿವಿ ಸೇವೆಗಳ ದೊಡ್ಡ ಊರು ಅಮೆರಿಕ. ಅಲ್ಲಿ ಏನಾಯಿತು ಅನ್ನುವುದು ಕೋರ್ಟಿನ ದಾಖಲೆಗಳಲ್ಲೇ ಇದೆ. 1980ರ ದಶಕದಲ್ಲಿ ಜಿಮ್ ಬೇಕರ್ ಎಂಬವರು ಪಿಟಿಎಲ್ ಎಂಬ ಟಿವಿ ಸೇವೆ ನಡೆಸುತ್ತಿದ್ದರು. ಸೌತ್ ಕ್ಯಾರೊಲಿನಾದಲ್ಲಿ ಹೆರಿಟೇಜ್ ಯುಎಸ್ಎ ಎಂಬ ದೊಡ್ಡ ವಿಹಾರತಾಣ ಕಟ್ಟಿದರು. ಸಾವಿರ ಡಾಲರ್ ಕೊಟ್ಟು ಪಾರ್ಟ್ನರ್ ಆಗಿ, ಜೀವನವಿಡೀ ವರ್ಷಕ್ಕೆ ಮೂರು ರಾತ್ರಿ ನಮ್ಮ ಹೋಟೆಲಿನಲ್ಲಿ ಉಳಿಯಬಹುದು ಅಂತ ಟಿವಿಯಲ್ಲಿ ಕರೆಕೊಟ್ಟರು. ಮೊದಲ ಹೋಟೆಲಿಗೆ 25 ಸಾವಿರ ಪಾರ್ಟ್ನರ್‌ಗಳಿಗೆ ನಿಲ್ಲಿಸುತ್ತೇನೆ ಅಂದವರು 66 ಸಾವಿರಕ್ಕಿಂತ ಜಾಸ್ತಿ ಮಾರಿದರು. ಕಟ್ಟಿ ಮುಗಿದದ್ದು 500 ಕೋಣೆಗಳ ಆ ಒಂದೇ ಹೋಟೆಲು. ದುಡ್ಡು ಕೊಟ್ಟವರಲ್ಲಿ ನಿವೃತ್ತರು, ಒಂಟಿ ಹೆಂಗಸರು, ಸಾಲ ಮಾಡಿ ಕೊಟ್ಟವರು ಎಲ್ಲ ಇದ್ದರು. ಬೇಕರ್ ಮನೆಯ ನಾಯಿಗೂಡಿಗೆ ಏಸಿ ಹಾಕಿಸಿದ್ದರು ಅನ್ನುವುದು ಆಗ ಎಲ್ಲರ ಬಾಯಲ್ಲಿದ್ದ ಸುದ್ದಿ. ಶಾರ್ಲಟ್ ಅಬ್ಸರ್ವರ್ ಎಂಬ ಅಲ್ಲಿನ ಪತ್ರಿಕೆ ವರ್ಷಗಟ್ಟಲೆ ಇದರ ಬೆನ್ನು ಹತ್ತಿತು. ಆ ಕೆಲಸಕ್ಕೆ 1988ರಲ್ಲಿ ಪುಲಿಟ್ಜರ್ ಎಂಬ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿ ಬಂತು. 1989ರ ಅಕ್ಟೋಬರಿನಲ್ಲಿ ಬೇಕರ್ ವಂಚನೆ ಮತ್ತು ಒಳಸಂಚಿನ 24 ಆರೋಪಗಳಲ್ಲಿ ತಪ್ಪಿತಸ್ಥರೆಂದು ತೀರ್ಪಾಯಿತು. 45 ವರ್ಷ ಶಿಕ್ಷೆಯಾಯಿತು. ಮೇಲ್ಮನವಿಯಲ್ಲಿ ಅದು ಕಡಿಮೆಯಾಗಿ 1994ರಲ್ಲಿ ಹೊರಗೆ ಬಂದರು.

ನಾಯಿಗೂಡಿನ ಏಸಿ ಎಲ್ಲರಿಗೂ ನೆನಪಿದೆ. ನನ್ನನ್ನು ಕಾಡುವುದು ಬೇರೆ. ಪಿಟಿಎಲ್‌ಗೂ ಒಂದು ಆಡಳಿತ ಮಂಡಳಿ ಇತ್ತು. ಬೇಕರ್‌ಗೆ ಬೋನಸ್ ಮೇಲೆ ಬೋನಸ್ ಮಂಜೂರು ಮಾಡಿದ್ದು ಅದೇ ಮಂಡಳಿ. ಬೇಡ ಅನ್ನುವ ಧೈರ್ಯದವರು ಅಲ್ಲಿ ಇರಲಿಲ್ಲ.

1991ರಲ್ಲಿ ಎಬಿಸಿ ಎಂಬ ಅಮೆರಿಕದ ಟಿವಿ ವಾಹಿನಿ ರಾಬರ್ಟ್ ಟಿಲ್ಟನ್ ಎಂಬ ಬೋಧಕರ ಸೇವೆಯ ಬಗ್ಗೆ ಒಂದು ತನಿಖಾ ವರದಿ ಪ್ರಸಾರ ಮಾಡಿತು. ಜನ ಕಳಿಸಿದ ಪ್ರಾರ್ಥನಾ ವಿನಂತಿಯ ಪತ್ರಗಳು ಕಸದ ತೊಟ್ಟಿಯಲ್ಲಿ ಸಿಕ್ಕಿದ್ದವು. ಒಳಗಿನ ದುಡ್ಡು ತೆಗೆದು ಪತ್ರ ಎಸೆದಿದ್ದಾರೆ ಅಂತ ವರದಿ ಹೇಳಿತು. ಟಿಲ್ಟನ್ ಅಲ್ಲಗಳೆದರು. ಆದರೂ ಅವರ ಟಿವಿ ಕಾರ್ಯಕ್ರಮ ಹೆಚ್ಚು ದಿನ ನಿಲ್ಲಲಿಲ್ಲ. ಮಗಳಿಗೆ ಕ್ಯಾನ್ಸರ್ ಅಂತ, ಮಗ ಕುಡಿತ ಬಿಡಲಿ ಅಂತ, ಕೈ ನಡುಗುತ್ತಾ ಬರೆದ ಪತ್ರಗಳು ಹೇಗಿರುತ್ತವೆ ಅಂತ ನನಗೆ ಗೊತ್ತು. ನಮ್ಮ ಸಭೆಯ ಪ್ರಾರ್ಥನಾ ಪೆಟ್ಟಿಗೆಯಲ್ಲೂ ಅಂಥವೇ ಬರುತ್ತವೆ. ದುಡ್ಡು ಹೋದರೆ ಹೋಗಲಿ, ಆ ಪತ್ರ ಕಸಕ್ಕೆ ಹೋಗುವುದನ್ನು ಹೇಗೆ ಸಹಿಸುವುದು?

ಆಮೇಲೆ ಜೆಟ್ ವಿಮಾನಗಳ ಕಾಲ ಬಂತು. 2015ರಲ್ಲಿ ಕ್ರೆಫ್ಲೋ ಡಾಲರ್ ಎಂಬ ಬೋಧಕರು ಆರೂವರೆ ಕೋಟಿ ಡಾಲರಿನ ವಿಮಾನಕ್ಕೆ ಭಕ್ತರಿಂದ ಹಣ ಕೇಳಿದರು. 2018ರಲ್ಲಿ ಜೆಸ್ಸಿ ಡುಪ್ಲಾಂಟಿಸ್ ಎಂಬವರು 5 ಕೋಟಿ 40 ಲಕ್ಷ ಡಾಲರಿನ ವಿಮಾನ ಬೇಕೆಂದರು. ಯೇಸು ಈಗ ಭೂಮಿಯ ಮೇಲಿದ್ದಿದ್ದರೆ ಕತ್ತೆಯ ಮೇಲೆ ಹೋಗುತ್ತಿರಲಿಲ್ಲ, ವಿಮಾನದಲ್ಲಿ ಹೋಗುತ್ತಿದ್ದ ಎಂಬ ಅರ್ಥದ ಮಾತನ್ನೂ ಆಡಿದರು. ಸುವಾರ್ತೆ ಓದಿದವರಿಗೆ ಗೊತ್ತು, ಯೆರೂಸಲೇಮಿಗೆ ಹೋಗುವಾಗ ಏರಿದ ಆ ಕತ್ತೆಯೂ ಯೇಸುವಿನದಲ್ಲ. ಆ ದಿನದ ಮಟ್ಟಿಗೆ ಬೇರೆಯವರಿಂದ ತರಿಸಿದ್ದು.

ಸರ್ಕಾರ ಸುಮ್ನೆ ಇತ್ತಾ? ಪೂರ್ತಿ ಸುಮ್ಮನಿರಲಿಲ್ಲ. 2007ರ ನವೆಂಬರಿನಲ್ಲಿ ಸೆನೆಟರ್ ಚಾರ್ಲ್ಸ್ ಗ್ರಾಸ್ಲಿ ಆರು ದೊಡ್ಡ ಟಿವಿ ಸೇವೆಗಳಿಗೆ ಪತ್ರ ಬರೆದರು. ಕೆನೆತ್ ಕೋಪ್ಲೆಂಡ್, ಕ್ರೆಫ್ಲೋ ಡಾಲರ್, ಬೆನ್ನಿ ಹಿನ್, ಎಡ್ಡಿ ಲಾಂಗ್, ಜಾಯ್ಸ್ ಮೇಯರ್, ರ‍್ಯಾಂಡಿ ಮತ್ತು ಪೌಲಾ ವೈಟ್ ಇವರ ಸೇವೆಗಳು ಅವು. ಸಂಬಳ ಎಷ್ಟು, ಮನೆ ಯಾರ ಹೆಸರಲ್ಲಿದೆ, ವಿಮಾನ ಯಾವ ಕೆಲಸಕ್ಕೆ ಹಾರುತ್ತದೆ, ಕ್ರೆಡಿಟ್ ಕಾರ್ಡಿನಲ್ಲಿ ಏನು ಕೊಂಡಿದ್ದೀರಿ ಅಂತ ಪ್ರಶ್ನೆಗಳು. 23 ಸಾವಿರ ಡಾಲರಿನ, ಅಮೃತಶಿಲೆ ಹೊದಿಸಿದ ಒಂದು ಕಪಾಟಿನ ಬಗ್ಗೆಯೂ ಕೇಳಿದ್ದರು. ಜಾಯ್ಸ್ ಮೇಯರ್ ಮತ್ತು ಬೆನ್ನಿ ಹಿನ್ ಸೇವೆಗಳು ಸಹಕರಿಸಿ ಉತ್ತರ ಕೊಟ್ಟವು, ತಮ್ಮ ಆಡಳಿತವನ್ನೂ ತಿದ್ದಿಕೊಂಡವು. ಉಳಿದ ನಾಲ್ಕು ಪೂರ್ತಿ ಮಾಹಿತಿ ಕೊಡಲಿಲ್ಲ. 2011ರ ಜನವರಿಯಲ್ಲಿ ವರದಿ ಬಂತು. ಯಾರಿಗೂ ದಂಡ ಬೀಳಲಿಲ್ಲ. ಸೇವೆಗಳು ತಾವೇ ಸರಿಮಾಡಿಕೊಳ್ಳಲಿ ಅಂತ ಬಿಟ್ಟರು.

ಹೀಗಾಗಲು ಕಾರಣವಿದೆ. ಅಮೆರಿಕದಲ್ಲಿ ಬೇರೆ ದಾನದ ಸಂಸ್ಥೆಗಳು ಪ್ರತಿ ವರ್ಷ 990 ಎಂಬ ಫಾರಂ ತುಂಬಬೇಕು. ಮುಖ್ಯಸ್ಥರ ಸಂಬಳ ಅದರಲ್ಲಿರುತ್ತದೆ, ಯಾರು ಬೇಕಾದರೂ ನೋಡಬಹುದು. ಚರ್ಚುಗಳಿಗೆ ಮಾತ್ರ ಈ ಫಾರಂ ಕಡ್ಡಾಯವಲ್ಲ. ಹಾಗಾಗಿ ಟಿವಿ ಸೇವೆಯೊಂದು ತನ್ನನ್ನು ಚರ್ಚ್ ಅಂತ ಕರೆದುಕೊಂಡರೆ ಲೆಕ್ಕ ಅಲ್ಲಿಗೇ ಮರೆಯಾಗುತ್ತದೆ.

ಅದೇ ದೇಶದಲ್ಲಿ ಬೇರೆ ದಾರಿ ಹಿಡಿದವರೂ ಇದ್ದರು. ಮುಂದೆ ಹೆಸರಾಂತ ಸುವಾರ್ತಿಕರಾದ, ಅಂದರೆ ಕೂಟಗಳಲ್ಲಿ ಯೇಸುವಿನ ಬಗ್ಗೆ ಬೋಧಿಸುವವರಾದ, ಬಿಲ್ಲಿ ಗ್ರಹಾಂ ಆಗಿನ್ನೂ ಯುವಕ. 1948ರಲ್ಲಿ ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಎಂಬ ಊರಿನಲ್ಲಿ ಜೊತೆಗಾರರನ್ನು ಕೂರಿಸಿಕೊಂಡು, ಸುವಾರ್ತಿಕರಿಗೆ ಕೆಟ್ಟ ಹೆಸರು ತರುವುದು ಯಾವುದು ಅಂತ ಯೋಚಿಸಿದರು. ಹಣದ ವಿಷಯ ಮುಂದೆಯೇ ಬಂತು. 1950ರಲ್ಲಿ ಅಟ್ಲಾಂಟಾದ ಕೂಟ ಮುಗಿದ ಮೇಲೆ ಅಲ್ಲಿನ ಪತ್ರಿಕೆ ಎರಡು ಫೋಟೋ ಅಕ್ಕಪಕ್ಕ ಹಾಕಿತು. ಒಂದರಲ್ಲಿ ಕಾಣಿಕೆಯ ಚೀಲಗಳು, ಇನ್ನೊಂದರಲ್ಲಿ ನಗುತ್ತಾ ಕೈಬೀಸಿ ಹೊರಡುತ್ತಿರುವ ಗ್ರಹಾಂ. ಅವರಿಗೆ ಅದು ನಾಟಿತು. ಕೂಟದ ಕಾಣಿಕೆ ತೆಗೆದುಕೊಳ್ಳುವುದನ್ನು ಬಿಟ್ಟು, ಮಂಡಳಿ ಗೊತ್ತುಮಾಡಿದ ಸಂಬಳಕ್ಕೆ ಒಪ್ಪಿಕೊಂಡರು. 1979ರಲ್ಲಿ ಕ್ರೈಸ್ತ ಸೇವೆಗಳ ಲೆಕ್ಕಪತ್ರಕ್ಕೆ ನಿಯಮ ಇಡುವ ಇಸಿಎಫ್ಎ ಎಂಬ ಸಂಸ್ಥೆ ಶುರುವಾಗಲು ಅವರ ಸಂಘವೂ ಕೈಜೋಡಿಸಿತು. ಅದರ ಸದಸ್ಯರಾಗಬೇಕಾದರೆ ಮಂಡಳಿಯಲ್ಲಿ ಕನಿಷ್ಠ ಐದು ಜನ ಇರಬೇಕು, ಅವರಲ್ಲಿ ಜಾಸ್ತಿ ಜನ ಮನೆಯವರೂ ಅಲ್ಲದ, ಸಂಬಳದವರೂ ಅಲ್ಲದ ಹೊರಗಿನವರಾಗಿರಬೇಕು. ಕೇಳಿದವರಿಗೆ ಲೆಕ್ಕಪತ್ರ ಕೊಡಬೇಕು. ಜಾಯ್ಸ್ ಮೇಯರ್ ಸೇವೆ 2009ರಲ್ಲಿ ಇದಕ್ಕೆ ಸೇರಿತು. ನಮ್ಮ ದೇಶದ ಬಡವರ ಹೆಸರಿನಲ್ಲಿ ಅಮೆರಿಕದಲ್ಲಿ ಹಣ ಎತ್ತುತ್ತಿದ್ದ ಗಾಸ್ಪೆಲ್ ಫಾರ್ ಏಷ್ಯಾವನ್ನು 2015ರಲ್ಲಿ ಇದೇ ಸಂಸ್ಥೆ ಹೊರಗೆ ಹಾಕಿತು. ದಾನಿಗಳು ಹೂಡಿದ ಮೊಕದ್ದಮೆಯಲ್ಲಿ ಗಾಸ್ಪೆಲ್ ಫಾರ್ ಏಷ್ಯಾ ತಪ್ಪು ಒಪ್ಪಿಕೊಳ್ಳದೆ, 2019ರಲ್ಲಿ 3 ಕೋಟಿ 70 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು.

ಈಗ ಅಜ್ಜಿಯ ಮಾತಿಗೆ ಬರುತ್ತೇನೆ. ದೇವಸೇವಕರ ಹತ್ತಿರ ಕೇಳಬಾರದು ಅಂತ ಬೈಬಲ್ಲಿನಲ್ಲಿ ಇದೆಯಾ? ಅಭಿಷಿಕ್ತರನ್ನು, ಅಂದರೆ ದೇವರು ಆರಿಸಿಕೊಂಡವರನ್ನು, ಮುಟ್ಟಬೇಡಿ ಎಂಬ ಕೀರ್ತನೆಯ ಮಾತನ್ನು ಟಿವಿಯಲ್ಲಿ ಪದೇ ಪದೇ ಹೇಳುತ್ತಾರೆ. ಅದು 105ನೇ ಕೀರ್ತನೆ. ಊರೂರು ಅಲೆಯುತ್ತಿದ್ದ ಅಬ್ರಹಾಮನ ಕುಟುಂಬಕ್ಕೆ ಅರಸರು ಕೇಡು ಮಾಡದ ಹಾಗೆ ದೇವರು ಕಾದ ಕಥೆ ಅಲ್ಲಿದೆ. ಅಲ್ಲಿ ಆಳುವವರಿಗೆ ಹೇಳಿದ ಮಾತನ್ನು ಇಲ್ಲಿ ವಿಧವೆಯರ ಬಾಯಿ ಮುಚ್ಚಿಸಲು ಬಳಸುತ್ತಾರೆ. ನನಗೆ ಇದು ತುಂಬಾ ನೋವಿನ ವಿಷಯ. ಹಣದ ಬಗ್ಗೆ ನೇರವಾಗಿ ಹೇಳಿರುವುದು ಬೈಬಲ್ಲಿನ ಎರಡನೇ ಕೊರಿಂಥ ಪತ್ರಿಕೆಯ, ಅಂದರೆ ಕೊರಿಂಥದ ಸಭೆಗೆ ಪೌಲನು ಬರೆದ ಪತ್ರದ, 8ನೇ ಅಧ್ಯಾಯದಲ್ಲಿ. ಯೆರೂಸಲೇಮಿನ ಬಡವರಿಗೆ ಸಂಗ್ರಹಿಸಿದ ಹಣವನ್ನು ಪೌಲನು ತಾನೊಬ್ಬನೇ ಒಯ್ಯಲಿಲ್ಲ. ಸಭೆಗಳೇ ಆರಿಸಿದ ಒಬ್ಬರನ್ನು ಜೊತೆಗೆ ಇಟ್ಟುಕೊಂಡ. ಯಾರೂ ತಮ್ಮ ಮೇಲೆ ತಪ್ಪು ಹೊರಿಸದಿರಲಿ, ದೇವರ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಾಗಿರಲಿ ಅಂತ ಕಾರಣವನ್ನೂ ಬರೆದ. ಪೌಲನಿಗೇ ಸಾಕ್ಷಿದಾರರು ಬೇಕಾಗಿದ್ದರು. ಯೇಸುವಿನ ಹನ್ನೆರಡು ಶಿಷ್ಯರಲ್ಲಿ ಹಣದ ಚೀಲ ಇದ್ದದ್ದು ಆಮೇಲೆ ಅವನನ್ನು ಹಿಡಿದುಕೊಟ್ಟ ಯೂದನ ಕೈಯಲ್ಲಿ ಅನ್ನುವುದೂ ನಮಗೆ ಗೊತ್ತೇ ಇದೆ.

ಟಿವಿಯವರು ಕಾಣಿಕೆಗೆ ಸೀಡ್ ಅನ್ನುತ್ತಾರೆ. ಸೀಡ್ ಬಿತ್ತಿ, ನೂರರಷ್ಟು ಫಲ ಬರುತ್ತದೆ ಅಂತ ಕರೆಕೊಡುತ್ತಾರೆ. ಮೆಕ್ಕೆಜೋಳದ ಈ ಜಿಲ್ಲೆಯಲ್ಲಿ ಬೀಜದ ಬಗ್ಗೆ ಯಾರಿಗೂ ಹೇಳಿಕೊಡಬೇಕಿಲ್ಲ. ಬೀಜ ಕೊಂಡ ರೈತ ಬಿಲ್ಲು ಕೇಳಿ ಪಡೆಯುತ್ತಾನೆ, ಚೀಲದ ಲೇಬಲ್ ಎತ್ತಿಡುತ್ತಾನೆ. ಮೊಳಕೆ ಬರದಿದ್ದರೆ ಅವನ್ನು ಹಿಡಿದುಕೊಂಡು ಕೃಷಿ ಇಲಾಖೆಗೆ ಹೋಗುತ್ತಾನೆ. ಟಿವಿಯ ಬೀಜ ಮೊಳೆಯದಿದ್ದರೆ ಬಿತ್ತಿದವರಿಗೇ ವಿಶ್ವಾಸ ಸಾಲದು ಅನ್ನುತ್ತಾರೆ. ಖಾಯಿಲೆ ವಾಸಿಯಾಗದ ತಾಯಿಯೊಬ್ಬರು ಈ ಮಾತನ್ನು ನಂಬಿ ತನ್ನನ್ನೇ ದೂರಿಕೊಳ್ಳುವುದನ್ನು ನೋಡಿದ್ದೇನೆ. ಬೆನ್ನಿ ಹಿನ್ 2005ರ ಜನವರಿಯಲ್ಲಿ ಬೆಂಗಳೂರಿನ ಜಕ್ಕೂರಿಗೆ ಬಂದಿದ್ದರು, ಲಕ್ಷಾಂತರ ಜನ ಸೇರಿದ್ದರು. ಅವರೇ 2019ರ ಸೆಪ್ಟೆಂಬರಿನಲ್ಲಿ, ಈ ಸಮೃದ್ಧಿಯ ಬೋಧನೆ ಮಿತಿ ಮೀರಿದೆ, ಸಾವಿರ ಡಾಲರಿನ ಸೀಡ್ ಇನ್ನು ಕೇಳುವುದಿಲ್ಲ ಅಂತ ಬಹಿರಂಗವಾಗಿ ಹೇಳಿದರು.

ನಮ್ಮ ದೇಶದಲ್ಲಿ ಕಾನೂನು ಅಮೆರಿಕಕ್ಕಿಂತ ಬಿಗಿ. ತೆರಿಗೆ ವಿನಾಯಿತಿ ಪಡೆದ ಟ್ರಸ್ಟಿನ ಆದಾಯ ಮಿತಿ ದಾಟಿದರೆ ಚಾರ್ಟರ್ಡ್ ಅಕೌಂಟೆಂಟರಿಂದ ಆಡಿಟ್ ಆಗಲೇಬೇಕು. ಟ್ರಸ್ಟಿನ ದುಡ್ಡಿನಲ್ಲಿ ಟ್ರಸ್ಟಿಗೋ ಅವರ ಮನೆಯವರಿಗೋ ಸಲ್ಲದ ಲಾಭ ಮಾಡಿಕೊಟ್ಟರೆ ವಿನಾಯಿತಿಗೇ ಕುತ್ತು. ವಿದೇಶದ ಹಣ 2020ರ ತಿದ್ದುಪಡಿಯ ನಂತರ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ಖರ್ಚು ಅದರ ನೂರಕ್ಕೆ 20ನ್ನು ಮೀರುವ ಹಾಗಿಲ್ಲ. ಅಂದರೆ ದೊಡ್ಡ ಸೇವೆಗಳ ಹತ್ತಿರ ಆಡಿಟ್ ವರದಿ ಇದ್ದೇ ಇರಬೇಕು. ಅದು ತೆರಿಗೆ ಇಲಾಖೆಗೆ ಹೋಗುತ್ತದೆ, ಕೊಟ್ಟವರ ಕೈಗೆ ಬರುವುದಿಲ್ಲ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿ ದೇವಸ್ಥಾನದ ಹುಂಡಿಯನ್ನು ಅಧಿಕಾರಿಗಳ ಎದುರು ಎಣಿಸುತ್ತಾರೆ, ಒಟ್ಟು ಎಷ್ಟಾಯಿತು ಅಂತ ಪತ್ರಿಕೆಯಲ್ಲಿ ಬರುತ್ತದೆ. ಅಷ್ಟು ಬಯಲು ನಮ್ಮ ಸೇವೆಗಳಿಗೂ ಆಗಬೇಕು.

ಮನೆಯ ಮಾತನ್ನು ಬಾನುಲಿಯಲ್ಲಿ ಯಾಕೆ ಆಡುತ್ತೀರಿ, ನಮ್ಮನ್ನು ಕಂಡರಾಗದವರ ಕೈಗೆ ಕೋಲು ಕೊಟ್ಟ ಹಾಗಾಗುತ್ತದೆ ಅಂತ ನಮ್ಮವರೇ ಕೆಲವರು ಹೇಳಬಹುದು. ಆ ಭಯ ನನಗೂ ಅರ್ಥವಾಗುತ್ತದೆ. ಆದರೆ ದುಡ್ಡು ಕಳೆದುಕೊಳ್ಳುತ್ತಿರುವವರೂ ನಮ್ಮವರೇ ಅಲ್ವಾ? ಸಣ್ಣ ಸಂಬಳದಲ್ಲಿ, ಬೈಕಿನಲ್ಲಿ ಹಳ್ಳಿ ಹಳ್ಳಿ ಸುತ್ತುವ ಪ್ರಾಮಾಣಿಕ ಸೇವಕರು ನಮ್ಮ ಸುತ್ತ ತುಂಬಾ ಇದ್ದಾರೆ. ಜೆಟ್ಟಿನವರಿಂದ ಕೆಟ್ಟ ಹೆಸರು ಬರುವುದು ಇವರಿಗೆ.

ಹಾಗಾಗಿ ಟಿವಿಗೆ ಕಾಣಿಕೆ ಕಳಿಸುವವರಿಗೆ ಒಂದೆರಡು ಮಾತು. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ ಕೂಡಲೇ ಫೋನಿನಲ್ಲಿ ಖಾತೆದಾರರ ಹೆಸರು ಬರುತ್ತದೆ. ಆತುರದಲ್ಲಿ ಪಿನ್ ಒತ್ತಬೇಡಿ, ಹೆಸರು ಓದಿ. ಟ್ರಸ್ಟಿನ ಹೆಸರಿದ್ದರೆ ಸರಿ. ಬೋಧಕರ ಅಥವಾ ಅವರ ಮನೆಯವರ ಹೆಸರಿದ್ದರೆ ಅದು ಅವರ ಸ್ವಂತ ಖಾತೆ, ಅಲ್ಲಿಗೆ ಹಾಕಬೇಡಿ. ತೆರಿಗೆ ರಿಯಾಯಿತಿಯ 80ಜಿ ಇದೆ ಅಂತ ಹೇಳಿದರೆ ಅದರ ಪ್ರಮಾಣಪತ್ರ ಕೇಳಿ. ಪೂರ್ತಿ ಧಾರ್ಮಿಕವಾದ ಟ್ರಸ್ಟಿಗೆ 80ಜಿ ಸಿಗುವುದಿಲ್ಲ ಅನ್ನುವುದೂ ತಿಳಿದಿರಲಿ. ಪರದೆಯ ಕೆಳಗೆ ಓಡುವ ನಂಬರಿಗೆ ಫೋನ್ ಮಾಡಿ, ಟ್ರಸ್ಟಿಗಳು ಯಾರು, ಅವರಲ್ಲಿ ಮನೆಯವರೆಷ್ಟು, ಸಂಬಳ ಯಾರು ಗೊತ್ತುಮಾಡುತ್ತಾರೆ ಅಂತ ಕೇಳಿ. ಹೋದ ವರ್ಷದ ಆಡಿಟ್ ವರದಿ ಕಳಿಸಿ ಅನ್ನಿ. ಕಳಿಸುತ್ತೇವೆ ಅಂದರೆ ವಿಳಾಸ ಕೊಡಿ. ವರದಿ ಓದಲು ಬರದಿದ್ದರೆ ನಿಮ್ಮ ಸಭೆಯ ಖಜಾಂಚಿಗೆ ತೋರಿಸಿ, ಅವರು ಕೂತು ಹೇಳಿಕೊಡುತ್ತಾರೆ. ನಿಮಗೆ ಯಾಕೆ ಅದೆಲ್ಲ ಅಂತ ಗದರಿಸಿದರೆ ಫೋನ್ ಇಡಿ. ಆ ತಿಂಗಳ ಕಾಣಿಕೆಯನ್ನು ನಿಮ್ಮ ಊರಿನ ಸಭೆಗೋ, ಪಕ್ಕದ ಮನೆಯ ಮಗುವಿನ ಶಾಲೆ ಫೀಸಿಗೋ ಕೊಡಿ, ರಸೀದಿ ಪಡೆಯಿರಿ.

ನಮಸ್ಕಾರ.