ಕಾರ್ಬನ್ ಇಂಕ್‌ನಲ್ಲಿ ಪ್ರಿಂಟ್ ಆಗುವ ಬಯೋಸೆನ್ಸರ್

[ದೃಶ್ಯ: ಗ್ಲೂಕೋಸ್ ಸ್ಟ್ರಿಪ್, ತೀರಾ ಹತ್ತಿರದಿಂದ]

ನಮಸ್ಕಾರ. ರಕ್ತದ ಸಕ್ಕರೆ ಅಳೆಯುವ ಈ ಸ್ಟ್ರಿಪ್ ಒಂದು ಬಯೋಸೆನ್ಸರ್, ಅಂದರೆ ಎನ್‌ಜೈಮ್‌ನಂಥ ಜೈವಿಕ ವಸ್ತು ಬಳಸಿ ಅಳೆಯುವ ಸಾಧನ. ಇದರ ಒಳಗಿನ ಕಪ್ಪು ಗೆರೆಗಳನ್ನು ನೋಡಿ. ಅವು ಎಲೆಕ್ಟ್ರೋಡ್‌ಗಳು. ಎಷ್ಟೋ ಸ್ಟ್ರಿಪ್‌ಗಳಲ್ಲಿ ಇವನ್ನು ಕಾರ್ಬನ್ ಇಂಕ್‌ನಲ್ಲಿ ಪ್ರಿಂಟ್ ಮಾಡಿರುತ್ತಾರೆ. ಟೀ ಶರ್ಟ್ ಮೇಲೆ ಚಿತ್ರ ಹಾಕುವ ಅದೇ ಸ್ಕ್ರೀನ್ ಪ್ರಿಂಟಿಂಗ್!

ರಕ್ತದ ಹನಿ ಬಿದ್ದಾಗ ಏನಾಗುತ್ತದೆ? ಗ್ಲೂಕೋಸ್ ಆಕ್ಸಿಡೇಸ್ ಎಂಬ ಎನ್‌ಜೈಮ್ ಒಂದೊಂದು ಗ್ಲೂಕೋಸ್ ಅಣುವಿನಿಂದ ಎರಡೆರಡು ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಆದರೆ ಆ ಕೆಲಸ ನಡೆಯುವ ಜಾಗ ಎನ್‌ಜೈಮ್‌ನ ಒಳಗೆ ಹುದುಗಿದೆ. ಎಲೆಕ್ಟ್ರಾನ್ ನೇರವಾಗಿ ಕಾರ್ಬನ್‌ಗೆ ದಾಟುವುದು ಕಷ್ಟ. ಹಾಗಾಗಿ ನಡುವೆ ಎಲೆಕ್ಟ್ರಾನ್ ಹೊತ್ತು ಸಾಗಿಸುವ ಒಂದು ಮೀಡಿಯೇಟರ್ ಬೇಕು. ಹಾಗೆ ಬಂದ ಎಲೆಕ್ಟ್ರಾನ್‌ಗಳ ಕರೆಂಟ್ ಅಳೆದೇ ಮೀಟರ್ ಗ್ಲೂಕೋಸ್ ಎಷ್ಟಿದೆ ಎಂದು ಹೇಳುತ್ತದೆ. 1987ರಲ್ಲಿ ಬಂದ ಎಕ್ಸಾಕ್‌ಟೆಕ್ ಎಂಬ ಪೆನ್ ಆಕಾರದ ಮೀಟರ್‌ನಲ್ಲಿ ಆ ಕೆಲಸ ಮಾಡಿದ್ದು ಫೆರೋಸೀನ್ ಬಗೆಯ, ಅಂದರೆ ಕಬ್ಬಿಣ ಇರುವ ಒಂದು ಸಂಯುಕ್ತ.

[ದೃಶ್ಯ: ಸ್ಕ್ರೀನ್ ಮೇಲೆ ಇಂಕ್ ಎಳೆಯುವ ಸ್ಕ್ವೀಜಿ]

ಈಗ ಇಂಕ್. ಗ್ರಾಫೈಟ್ ಚೂರುಗಳು, ಅವುಗಳ ಸಂದಿ ತುಂಬುವ ಕಾರ್ಬನ್ ಬ್ಲ್ಯಾಕ್, ಎಲ್ಲವನ್ನೂ ಹಿಡಿದಿಡುವ ಪಾಲಿಮರ್ ಬೈಂಡರ್, ಜೊತೆಗೆ ದ್ರಾವಕ. ಒಣಗಿದಾಗ ದ್ರಾವಕ ಹೋಗುತ್ತದೆ. ಕಣಗಳು ಒಂದಕ್ಕೊಂದು ತಾಗಿ ಕರೆಂಟ್‌ಗೆ ದಾರಿ ಆಗುತ್ತದೆ.

ನಿಜವಾದ ತೊಡಕು ಇರುವುದು ಬೈಂಡರ್‌ನಲ್ಲಿ. ಕಡಿಮೆಯಾದರೆ ಪದರ ಬಿರಿಯುತ್ತದೆ, ಶೀಟ್ ಬಗ್ಗಿಸಿದರೆ ಉದುರುತ್ತದೆ. ಜಾಸ್ತಿಯಾದರೆ ಕಣಗಳ ನಡುವೆಯೇ ನಿರೋಧಕವಾಗಿ ಕೂರುತ್ತದೆ. ಅಳತೆ ಸರಿಯಿದ್ದರೂ ಮೇಲ್ಮೈ ಮೇಲೆ ಅದರ ತೆಳು ಪೊರೆ ಉಳಿಯಬಹುದು. ಒಳಗೆ ಕರೆಂಟ್ ಚೆನ್ನಾಗಿ ಹರಿಯುತ್ತದೆ, ಆದರೆ ದ್ರಾವಣಕ್ಕೆ ಕಾರ್ಬನ್ ಸಿಗುವುದೇ ಇಲ್ಲ! ಅದಕ್ಕೇ ಬರೀ ಮಲ್ಟಿಮೀಟರ್ ನೋಡಿ ಎಲೆಕ್ಟ್ರೋಡ್ ಚೆನ್ನಾಗಿದೆ ಎನ್ನಬೇಡಿ. ಆಕ್ಸಿಜನ್ ಪ್ಲಾಸ್ಮಾ (ವಿದ್ಯುತ್ ಹಾಯಿಸಿ ಅಯಾನುಗಳಾಗಿಸಿದ ಆಕ್ಸಿಜನ್) ಹಾಯಿಸಿದರೆ, ಇಲ್ಲವೇ ದ್ರಾವಣದಲ್ಲಿಟ್ಟು ವೋಲ್ಟೇಜ್ ಕೊಟ್ಟರೆ, ಕಾರ್ಬನ್ ತೆರೆದುಕೊಳ್ಳುತ್ತದೆ.

[ದೃಶ್ಯ: ಸೈಕ್ಲಿಕ್ ವೋಲ್ಟಾಮೆಟ್ರಿ ಗ್ರಾಫ್, ಎರಡು ಶಿಖರಗಳು]

ತೆರೆದಿದೆಯಾ ಎಂದು ತಿಳಿಯಲು, ಎಲೆಕ್ಟ್ರಾನ್ ಪಡೆದು ಮತ್ತೆ ಕೊಡಬಲ್ಲ ಪೊಟ್ಯಾಸಿಯಂ ಫೆರಿಸಯನೈಡ್ ಬಳಸುತ್ತಾರೆ. ಅದರ ದ್ರಾವಣದಲ್ಲಿ ವೋಲ್ಟೇಜ್ ಅನ್ನು ಏರಿಸಿ ಇಳಿಸಿ ಕರೆಂಟ್ ಅಳೆಯುವುದೇ ಸೈಕ್ಲಿಕ್ ವೋಲ್ಟಾಮೆಟ್ರಿ; ಹೋಗುವಾಗ ಒಂದು, ಬರುವಾಗ ಒಂದು ಶಿಖರ ಕಾಣುತ್ತದೆ. ಎಲೆಕ್ಟ್ರಾನ್ ಸಲೀಸಾಗಿ ದಾಟಿದರೆ ಈ ಎರಡು ಶಿಖರಗಳ ಅಂತರ ಸುಮಾರು 59 ಮಿಲಿವೋಲ್ಟ್. ಪ್ರಿಂಟ್ ಮಾಡಿದ ಕಾರ್ಬನ್‌ನಲ್ಲಿ ಇದು ಸಾಮಾನ್ಯವಾಗಿ ಇನ್ನೂ ಹೆಚ್ಚು. ಅಂತರ ಕುಗ್ಗಿತು ಎಂದರೆ ಮೇಲ್ಮೈ ಸುಧಾರಿಸಿದೆ.

ಕಾರ್ಬನ್‌ಗೆ ಲೋಹಕ್ಕಿಂತ ರೆಸಿಸ್ಟೆನ್ಸ್ ಜಾಸ್ತಿ ಅಲ್ವಾ? ಹೌದು. ಆದರೆ ಇಲ್ಲಿ ಹರಿಯುವುದು ಮೈಕ್ರೋಆಂಪಿಯರ್‌ಗಳ ಲೆಕ್ಕದ ಕರೆಂಟ್. 10 ಮೈಕ್ರೋಆಂಪಿಯರ್ 1,000 ಓಮ್ ದಾಟಿದರೆ ಕಳೆದುಹೋಗುವುದು 10 ಮಿಲಿವೋಲ್ಟ್ ಮಾತ್ರ. ಅಷ್ಟೂ ಬೇಡವೆಂದರೆ ಗೆರೆಯ ಅಡಿಯಲ್ಲಿ ಸಿಲ್ವರ್ ಇಂಕ್ ಹಾಕುತ್ತಾರೆ. ವೋಲ್ಟೇಜ್ ಅಳೆಯಲು ಸ್ಥಿರವಾದ ಆಧಾರವಾಗುವ ರೆಫರೆನ್ಸ್ ಎಲೆಕ್ಟ್ರೋಡ್‌ಗೆ ಮಾತ್ರ ಸಿಲ್ವರ್, ಸಿಲ್ವರ್ ಕ್ಲೋರೈಡ್ ಇರುವ ಬೇರೆ ಇಂಕ್ ಬೇಕು.

ಕಡೆಯ ಪದರ ನಿರೋಧಕದ್ದು. ನೋಡಲು ಸುಮ್ನೆ ಒಂದು ಬಣ್ಣದ ಲೇಪ. ಆದರೆ ಎಷ್ಟು ಕಾರ್ಬನ್ ದ್ರಾವಣಕ್ಕೆ ತಾಗಬೇಕು ಎಂದು ತೀರ್ಮಾನಿಸುವುದು ಇದೇ. ಕರೆಂಟ್ ಆ ವಿಸ್ತೀರ್ಣಕ್ಕೆ ತಕ್ಕಂತೆ ಬದಲಾಗುತ್ತದೆ. ಇದರ ಅಂಚು ಅತ್ತಿತ್ತ ಸರಿದರೆ, ಅಳತೆಯೂ ತಪ್ಪುತ್ತದೆ.

ಅಗ್ಗ ಎಂದರೆ ನನ್ನ ಪ್ರಕಾರ ಕಾರ್ಬನ್‌ನ ಬೆಲೆಯಷ್ಟೇ ಅಲ್ಲ. ಒಂದೇ ಶೀಟ್‌ನಲ್ಲಿ ಬಂದ ಎಲ್ಲ ಸೆನ್ಸರ್‌ಗಳೂ ಒಂದೇ ಉತ್ತರ ಕೊಡಬೇಕು. ಇಲ್ಲವಾದರೆ ಪ್ರತಿಯೊಂದನ್ನೂ ಬೇರೆಬೇರೆಯಾಗಿ ಕ್ಯಾಲಿಬ್ರೇಟ್ ಮಾಡಬೇಕಾಗುತ್ತದೆ, ಉಳಿಸಿದ ದುಡ್ಡು ಅಲ್ಲೇ ಹೋಗುತ್ತದೆ. ನೀವು ಮಾಡಿ ನೋಡುವುದಾದರೆ, ಶೀಟ್‌ನ ಮೂಲೆಗಳಿಂದಲೂ ನಡುವಿನಿಂದಲೂ ಕೆಲವು ತುಂಡು ಕತ್ತರಿಸಿ. ಎಲ್ಲವನ್ನೂ ಫೆರಿಸಯನೈಡ್‌ನಲ್ಲಿ ಅಳೆಯಿರಿ. ಅಳತೆಗಳು ಒಂದಕ್ಕೊಂದು ಹೊಂದಿದ ಮೇಲಷ್ಟೇ ಎನ್‌ಜೈಮ್ ಹಾಕಿ.