ಕುಟ್ಟಾಣಿ ಯಾಕೆ ಬೇಕಾಯ್ತು?

(ಶಿರಸಿ ತಾಲ್ಲೂಕಿನ ಸೊಸೈಟಿಯೊಂದರ ವಾರ್ಷಿಕ ಸಭೆಯಲ್ಲಿ ದಂತವೈದ್ಯೆಯೊಬ್ಬರ ಉಪನ್ಯಾಸ)

ಅಧ್ಯಕ್ಷರೇ, ಸದಸ್ಯರೇ, ಹಿಂದಿನ ಬಾಗಿಲ ಹತ್ರ ನಿಂತು ಎಲೆಯಡಿಕೆಯ ಕವಳ ಮೆಲ್ಲುತ್ತಿರೋ ಹಿರಿಯರೇ,

ಅಡಿಕೆ ಬೆಳೆಗಾರರ ಸಭೆಗೆ ಬಂದು ಅಡಿಕೆ ಬಾಯಿಗೆ ಹಾಕಬೇಡಿ ಅನ್ನೋದಕ್ಕೆ ಧೈರ್ಯ ಬೇಕು. ನನ್ನ ಕಾಲೇಜಿನ ಫೀಸು ಕಟ್ಟಿದ್ದೂ ಅಪ್ಪ ಚಾಲಿ ಅಡಿಕೆ ಮಾರಿದ ದುಡ್ಡಲ್ಲೇ. ಹಾಗಾಗಿ ಮೊದಲೇ ಹೇಳಿಬಿಡ್ತೇನೆ, ತೋಟದ ಬಗ್ಗೆ, ದರದ ಬಗ್ಗೆ ನನ್ನದೇನೂ ತಕರಾರಿಲ್ಲ. ಅದನ್ನ ಅಧ್ಯಕ್ಷರು ಆಮೇಲೆ ಮಾತಾಡ್ತಾರೆ, ನಿಮಗೆ ಬೇಕಾದ್ದೂ ಅದೇ.

ಈ ವಿಷಯ ಎತ್ತಿದ ಕೂಡಲೇ ಬರೋ ಉತ್ತರ ನನಗೆ ಬಾಯಿಪಾಠ. "ನಮ್ಮಜ್ಜ ತೊಂಬತ್ತು ವರ್ಷ ಬದುಕಿದ್ದ. ದಿನಕ್ಕೆ ಹತ್ತು ಕವಳ. ಏನೂ ಆಗಿಲ್ಲ." ಸರಿ, ಒಪ್ಪಿದೆ. ಆದರೆ ಅಜ್ಜನ ಮಂಚದ ಪಕ್ಕ ಒಂದು ಕುಟ್ಟಾಣಿ ಇತ್ತಲ್ಲ, ಅದು ಯಾಕೆ ಬೇಕಾಯ್ತು? ಹಲ್ಲು ಗಟ್ಟಿ ಇದ್ದವರು ಯಾರಾದ್ರೂ ಕವಳ ಕುಟ್ಟಿಕೊಂಡು ತಿಂತಾರಾ? ವಯಸ್ಸಾಯ್ತು, ಹಲ್ಲು ಬಿತ್ತು ಅಂತೀರಿ. ವಯಸ್ಸಾದ ಮಾತ್ರಕ್ಕೆ ಹಲ್ಲು ಬೀಳೋದಿಲ್ಲ. ವಸಡು ಕೈಬಿಟ್ಟರೆ ಬೀಳುತ್ತೆ. ಎಲ್ಲಾ ಕವಳದ್ದೇ ಪಾಪ ಅನ್ನಲ್ಲ. ಸರಿಯಾಗಿ ಉಜ್ಜದ್ದು, ಬೀಡಿ, ಸಕ್ಕರೆ ಕಾಯಿಲೆ ಎಲ್ಲವೂ ಸೇರಿರುತ್ತೆ. ಆದರೆ ಕವಳದ ಪಾಲು ಸಣ್ಣದಲ್ಲ.

ಒಬ್ಬ ಹಿರಿಯರ ಕಥೆ ಹೇಳ್ತೇನೆ. ಬಾಯಿ ವಾಸನೆ ಅಂತ ಅವರ ಮನೆಯವರೇ ಎಳ್ಕೊಂಡು ಬಂದಿದ್ರು. ಕೆಳಗಿನ ಮುಂದಿನ ಹಲ್ಲುಗಳ ಒಳಬದಿ ನೋಡಿದ್ರೆ ಹಲ್ಲೇ ಕಾಣಲ್ಲ, ಈ ತುದಿಯಿಂದ ಆ ತುದಿಗೆ ಹುಣಸೆ ಬೀಜದ ಬಣ್ಣದ ಕಿಟ್ಟದ ಗೋಡೆ! ಮೆಷಿನ್ ತಾಗಿಸಿದೆ, ದೊಡ್ಡದೊಂದು ಚೂರು ಕಳಚಿ ನಾಲಿಗೆ ಮೇಲೆ ಬಿತ್ತು. ಎದ್ದು ಕೂತರು. "ಹಲ್ಲೇ ಮುರಿದುಬಿಟ್ರಲ್ಲ ಮಾರಾಯ್ರೇ!" ಚೂರನ್ನ ಅವರ ಅಂಗೈಯಲ್ಲೇ ಇಟ್ಟು, ಇದು ಹಲ್ಲಲ್ಲ ಅಂದೆ. ಉಗುರಲ್ಲಿ ಕೆರೆದು ನೋಡಿದರು, ನಂಬಿಕೆ ಬರಲಿಲ್ಲ, ಹೆಂಡತಿಗೆ ತೋರಿಸಿದರು. ಆಯಮ್ಮ ಶಾಂತವಾಗಿ, "ಇಷ್ಟು ವರ್ಷ ನಾನು ಸಂಸಾರ ಮಾಡಿದ್ದು ಇದರ ಜೊತೆಗಾ?" ಅಂದರು. (ನಗು)

ಕಥೆ ಮುಗೀಲಿಲ್ಲ. ಮುಂದಿನ ವಾರ ಸಂತೆಗೆ ಬಂದವರು ಸೀದಾ ಕ್ಲಿನಿಕ್ಕಿಗೇ ಬಂದರು. "ಮೊದಲು ಗಟ್ಟಿ ಇತ್ತು, ನೀವು ಕ್ಲೀನ್ ಮಾಡಿದ ಮೇಲೆ ಅಲ್ಲಾಡ್ತಿದೆ." ನಿಮ್ಮಲ್ಲೂ ಎಷ್ಟೋ ಜನ ಹೀಗೇ ಅಂದುಕೊಂಡಿದ್ದೀರಿ, ನಂಗೊತ್ತು. ಅವರ ಹಲ್ಲು ಗಟ್ಟಿ ಇರಲಿಲ್ಲ. ಕಿಟ್ಟ ಎಲ್ಲವನ್ನೂ ಒಂದಕ್ಕೊಂದು ಅಂಟಿಸಿ ನಿಲ್ಲಿಸಿತ್ತು, ಅಷ್ಟೇ. ಕೆಳಗೆ ವಸಡು ಬಿಟ್ಟು, ಮೂಳೆ ಯಾವತ್ತೋ ಕರಗಿತ್ತು.

ಹೇಗೆ ಆಗುತ್ತೆ ಕೇಳಿ. ಹಲ್ಲಿನ ಮೇಲೆ ದಿನಾ ಕೂರೋ ಲೋಳೆಯನ್ನ ಎಂಜಲಿನ ಸುಣ್ಣದಂಶ ಕಲ್ಲು ಮಾಡುತ್ತೆ. ನೀವು ಮೇಲಿಂದ ಡಬ್ಬಿ ಸುಣ್ಣ ಬೇರೆ ಕೊಡ್ತೀರಿ. ಅಡಿಕೆ ಚೂರು ಹಲ್ಲಿಗೂ ವಸಡಿಗೂ ನಡುವೆ ತೂರಿ ಗಾಯ ಮಾಡುತ್ತೆ. ಆ ಗಾಯ ಕೂಡಿಸಬೇಕಾದ ವಸಡಿನ ಕಣಗಳ ಶಕ್ತಿಯನ್ನೇ ಅಡಿಕೆಯಲ್ಲಿರೋ ಅರೆಕೋಲಿನ್ ಅನ್ನೋ ರಾಸಾಯನಿಕ ಕುಂದಿಸುತ್ತೆ. ಇನ್ನೊಂದು ಮೋಸ ಇದೆ. ವಸಡಿನ ಕಾಯಿಲೆ ಮೊದಲು ತೋರಿಸೋದು ರಕ್ತ. ಬೇರೆಯವರು ಬ್ರಷ್ ಮಾಡುವಾಗ ಉಗುಳು ಕೆಂಪಾದರೆ ಹೆದರಿ ಓಡಿ ಬರ್ತಾರೆ. ಕವಳದವರ ಉಗುಳು ಯಾವಾಗಲೂ ಕೆಂಪು! ಅವರಿಗೆ ಗೊತ್ತಾಗೋದು ಹಲ್ಲು ಅಲ್ಲಾಡಿದಾಗಲೇ.

"ಕವಳ ತಿನ್ನೋರಿಗೆ ಹುಳುಕು ಕಡಿಮೆ" ಅಂತಾನೂ ಹೇಳ್ತಾರೆ. ಪೂರ್ತಿ ಸುಳ್ಳಲ್ಲ, ಹಾಗೆ ಕಂಡದ್ದುಂಟು. ಆದರೆ ಒಂದು ಹುಳುಕೂ ಇಲ್ಲದ ಒಳ್ಳೇ ಹಲ್ಲು ಬೇರು ಸಮೇತ ಕೈಗೆ ಬಂದರೆ ಏನು ಮಾಡ್ತೀರಿ? ಆಗ ಮತ್ತೆ ಅದೇ ಕುಟ್ಟಾಣಿ.

ಅಧ್ಯಕ್ಷರು ಚೀಟಿ ಕೊಟ್ಟರು, ಐದು ನಿಮಿಷ ಅಂತೆ. ವಸಡಿನಲ್ಲೇ ಸಮಯ ಹೋಯ್ತು, ಕ್ಯಾನ್ಸರ್ ವಿಷಯ ಬೇಗ ಹೇಳ್ತೇನೆ.

"ನಾನು ಹೊಗೆಸೊಪ್ಪು ಹಾಕಲ್ಲ ಡಾಕ್ಟ್ರೇ" ಅನ್ನೋರಿಗೆ ಈ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1985ರಲ್ಲಿ ತಂಬಾಕು ಸೇರಿದ ಕವಳವನ್ನು ಮಾತ್ರ ಕ್ಯಾನ್ಸರ್‌ಕಾರಕ ಅಂದಿತ್ತು. 2004ರ ವರದಿಯಲ್ಲಿ ತಂಬಾಕಿಲ್ಲದ ಕವಳವನ್ನೂ, ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿತು. ನಮಗೆ ಸಿಟ್ಟು ಬರುತ್ತೆ, ನನಗೂ ಬಂದಿತ್ತು. ಆದರೆ ನನ್ನ ಕುರ್ಚಿಯಲ್ಲಿ ಕೂರೋ ಹುಡುಗರ ಬಾಯಿ ಸಿಟ್ಟನ್ನ ಕೇಳಲ್ಲ. ಪಾನ್ ಮಸಾಲಾ ಜಗಿಯೋ ಇಪ್ಪತ್ತೈದರ ಹುಡುಗ, ಬಾಯಿಗೆ ಕನ್ನಡಿ ಹಾಕೋಣ ಅಂದ್ರೆ ಎರಡು ಬೆರಳಿನಷ್ಟೂ ತೆರೆಯಲ್ಲ. ಮೊದಲು ಖಾರ ತಿಂದರೆ ಉರಿ, ಆಮೇಲೆ ಕೆನ್ನೆಯ ಒಳಗೆ ಬಿಳಿಚಿ ಹಗ್ಗದಂತೆ ಬಿಗಿಯುತ್ತೆ. ಇದಕ್ಕೆ ತಂಬಾಕೇ ಬೇಕಂತಿಲ್ಲ, ಅಡಿಕೆ ಸಾಕು. ಬಿಗಿದದ್ದು ಮೊದಲಿನಂತೆ ಆಗಲ್ಲ, ಕೆಲವರಿಗೆ ಕ್ಯಾನ್ಸರಿಗೂ ತಿರುಗುತ್ತೆ. ನಮ್ಮ ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧ ಆಯ್ತು. ಆಮೇಲೇನಾಯ್ತು? ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು, ಅಂಗೈಯಲ್ಲೇ ಬೆರೆಸಿಕೊಳ್ತಾರೆ.

ಈಗ ಎಲ್ಲರೂ ಬಾಯಿ ತೆಗೀರಿ. ನಿಮ್ಮದೇ ಮೂರು ಬೆರಳು ಸೇರಿಸಿ, ಮೇಲಿನ ಕೆಳಗಿನ ಹಲ್ಲುಗಳ ನಡುವೆ ನಿಲ್ಲಿಸಿ ಹಿಡಿಯಿರಿ. ನಾಚಿಕೆ ಬೇಡ, ಅಧ್ಯಕ್ಷರೂ ಹಿಡಿದಿದ್ದಾರೆ. ಮೂರು ಹಿಡಿಯದಿದ್ದವರು, ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದವರು, ಹಲ್ಲು ಅಲ್ಲಾಡುವವರು ನನ್ನ ಹತ್ರ ಬನ್ನಿ. ಕವಳ ಬಿಟ್ಟರೆ ವಸಡು ಸುಧಾರಿಸುತ್ತೆ, ಕರಗಿದ ಮೂಳೆ ತಾನಾಗಿ ವಾಪಸ್ ಬರಲ್ಲ. ಒಮ್ಮೆಗೇ ಬಿಡೋಕೆ ಆಗದಿದ್ದರೆ ಕಡೇ ಪಕ್ಷ ರಾತ್ರಿ ಕವಳ ಕೆನ್ನೆಯಲ್ಲಿಟ್ಟು ಮಲಗೋದನ್ನ ಇವತ್ತೇ ನಿಲ್ಲಿಸಿ.

ಊಟ ಆದ ಮೇಲೆ ಜಗಲಿಯಲ್ಲಿ ಕೂತಿರ್ತೇನೆ, ಟಾರ್ಚು ತಂದಿದ್ದೇನೆ. ಊಟದ ಕವಳ ಹಾಕೋ ಮೊದಲೇ ಬನ್ನಿ, ಹಾಕಿದ ಮೇಲೆ ಬಂದ್ರೆ ನನಗೇನೂ ಕಾಣೋದಿಲ್ಲ.