ರಿಪಬ್ಲಿಕ್ ಹಡಗಿನ ಬ್ಯಾಟರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮುಳುಗಿದ ಪ್ರಯಾಣಿಕರ ಹಡಗು ಎಂದ ಕೂಡಲೇ ಎಲ್ಲರ ಬಾಯಿಗೂ ಬರುವ ಹೆಸರು ಟೈಟಾನಿಕ್. ಅದಕ್ಕಿಂತ ಮೂರು ವರ್ಷ ಮೊದಲು ಅದೇ ವೈಟ್ ಸ್ಟಾರ್ ಕಂಪನಿಯ ಇನ್ನೊಂದು ಹಡಗು ಅದೇ ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿತು. ಅದನ್ನು ಕಟ್ಟಿದ್ದೂ ಬೆಲ್‌ಫಾಸ್ಟಿನ ಅದೇ ಹಾರ್ಲಂಡ್ ಅಂಡ್ ವುಲ್ಫ್ ಕಾರ್ಖಾನೆ. ಹೆಸರು ರಿಪಬ್ಲಿಕ್. 570 ಅಡಿ ಉದ್ದ, 15 ಸಾವಿರ ಟನ್ನಿಗೂ ಮೇಲೆ. ಅಲ್ಲಿಯವರೆಗೆ ಸಮುದ್ರ ನುಂಗಿದ ಹಡಗುಗಳಲ್ಲೆಲ್ಲ ದೊಡ್ಡದು. ಈ ಅಪಘಾತದಲ್ಲಿ ಎರಡು ಹಡಗುಗಳು ಸಿಕ್ಕಿಕೊಂಡವು, ಎರಡರಲ್ಲೂ ಸೇರಿ ಸಾವಿರದ ಐನೂರಕ್ಕೂ ಹೆಚ್ಚು ಜನ. ಸತ್ತವರು ಆರು ಮಂದಿ, ಎಲ್ಲರೂ ಡಿಕ್ಕಿಯ ಪೆಟ್ಟಿಗೇ ಬಲಿಯಾದವರು. ಮಿಕ್ಕವರೆಲ್ಲ ದಡ ಸೇರಿದರು.

ಹೇಗೆ ಸೇರಿದರು? ಎಂಜಿನ್ ಕೋಣೆಗೆ ನೀರು ನುಗ್ಗಿ ಹಡಗಿನ ಕರೆಂಟು ಹೋದ ಮೇಲೂ ಅದರ ವೈರ್‌ಲೆಸ್ ಮಾತಾಡುತ್ತಿತ್ತು. ಅದಕ್ಕೆ ಪ್ರತ್ಯೇಕ ಬ್ಯಾಟರಿ ಇತ್ತು. ಇಂದಿನ ನನ್ನ ಮಾತಿನಲ್ಲಿ ಇದೊಂದು ನಿಮ್ಮ ನೆನಪಿನಲ್ಲಿ ಉಳಿದರೆ ಸಾಕು. ಅದಕ್ಕೇ ಮತ್ತೆ ಮತ್ತೆ ಹೇಳುತ್ತೇನೆ, ಬೇಸರಪಡಬೇಡಿ.

1909ರ ಜನವರಿ 22. ರಿಪಬ್ಲಿಕ್ ನ್ಯೂಯಾರ್ಕಿನಿಂದ ಮೆಡಿಟರೇನಿಯನ್ ಕಡೆಗೆ ಹೊರಟಿತು. ಕಪ್ತಾನ ವಿಲಿಯಂ ಸೀಲ್ಬಿ. ಚಳಿಗಾಲದಲ್ಲಿ ಇಟಲಿ, ಈಜಿಪ್ಟ್ ನೋಡಲು ಹೊರಟ ಸ್ಥಿತಿವಂತ ಅಮೆರಿಕನ್ನರು ಮೇಲಿನ ದರ್ಜೆಯಲ್ಲಿ. ಎದುರುಗಡೆಯಿಂದ ನ್ಯೂಯಾರ್ಕಿಗೆ ಬರುತ್ತಿದ್ದದ್ದು ಇಟಲಿಯ ಫ್ಲೋರಿಡಾ ಎಂಬ ಸಣ್ಣ ಹಡಗು, ಐದು ಸಾವಿರ ಟನ್ನಿನದು. ಅದರಲ್ಲಿ ಎಂಟುನೂರಕ್ಕೂ ಹೆಚ್ಚು ವಲಸೆ ಹೋಗುವ ಜನ. ಹಿಂದಿನ ಡಿಸೆಂಬರ್ 28ರಂದು ಮೆಸ್ಸಿನಾ ಊರನ್ನು ನೆಲಸಮ ಮಾಡಿದ ಭೂಕಂಪದಲ್ಲಿ ಮನೆಮಠ ಕಳೆದುಕೊಂಡವರೂ ಅವರೊಳಗಿದ್ದರು.

ಮರುದಿನ ನಸುಕಿನಲ್ಲಿ ಅಮೆರಿಕದ ಪೂರ್ವ ಕರಾವಳಿಯ ನ್ಯಾಂಟಕೆಟ್ ದ್ವೀಪದ ದಕ್ಷಿಣಕ್ಕೆ ದಟ್ಟ ಮಂಜು. ಮಂಜಿನಲ್ಲಿ ಹಡಗುಗಳು ಕೂಗು ಹಾಕುತ್ತಾ ಸಾಗಬೇಕು. ರಿಪಬ್ಲಿಕ್ ಕೂಗುತ್ತಲೇ ಇತ್ತು, ಎದುರಿನ ಕೂಗು ಕೇಳಿಸಿತು ಕೂಡ. ಎಂಜಿನ್ನನ್ನು ಹಿಮ್ಮುಖಕ್ಕೆ ತಿರುಗಿಸಿದರು, ಚುಕ್ಕಾಣಿ ಪೂರ್ತಿ ಎಳೆದರು. ಆದರೆ ಅಷ್ಟು ಭಾರದ ಹಡಗು ಹೇಳಿದ ಕ್ಷಣಕ್ಕೆ ನಿಲ್ಲುತ್ತದೆಯೇ? ಬೆಳಿಗ್ಗೆ 5 ಗಂಟೆ 47 ನಿಮಿಷಕ್ಕೆ ಫ್ಲೋರಿಡಾದ ಮೂತಿ ರಿಪಬ್ಲಿಕ್‌ನ ಎಡಮಗ್ಗುಲಿಗೆ, ಸರಿಯಾಗಿ ನಡುಭಾಗಕ್ಕೆ, ನೇರವಾಗಿ ನುಗ್ಗಿತು.

ಒಂದು ಪೆಟ್ಟಿಗೆ ಎರಡು ಹಡಗಿಗೂ ಬೇರೆ ಬೇರೆ ಗಾಯವಾಯಿತು. ಫ್ಲೋರಿಡಾದ ಮೂತಿ ಸುಮಾರು ಮೂವತ್ತು ಅಡಿ ಒಳಕ್ಕೆ ಮಡಚಿಕೊಂಡಿತು. ಅಲ್ಲಿ ಮಲಗಿದ್ದ ಮೂವರು ನಾವಿಕರು ಸತ್ತರು. ಆದರೆ ಮೂತಿಯ ಹಿಂದೆ ಇಂಥ ಡಿಕ್ಕಿಗೆಂದೇ ಕಟ್ಟಿದ ಅಡ್ಡಗೋಡೆ ಇರುತ್ತದೆ. ಅದು ತಡೆದು ನಿಂತದ್ದರಿಂದ ಫ್ಲೋರಿಡಾ ತೇಲಿತು. ರಿಪಬ್ಲಿಕ್‌ಗೆ ಪೆಟ್ಟು ಬಿದ್ದದ್ದು ನಡುವಿಗೆ. ನಡುವಿನಲ್ಲಿ ಏನಿರುತ್ತದೆ? ಎಂಜಿನ್ ಇರುತ್ತದೆ, ಬಾಯ್ಲರ್ ಇರುತ್ತದೆ, ಕರೆಂಟು ಹುಟ್ಟಿಸುವ ಡೈನಮೋ ಇರುತ್ತದೆ. ಎಂಜಿನ್ ಕೋಣೆಗೆ ನೀರು ನುಗ್ಗಿತು. ಉಗಿ ಹೋಯಿತು, ಡೈನಮೋ ನಿಂತಿತು, ಇಡೀ ಹಡಗು ಕತ್ತಲಾಯಿತು. ಗುದ್ದಿದ ಫ್ಲೋರಿಡಾ ಮಂಜಿನೊಳಗೆ ಎಲ್ಲೋ ಮರೆಯಾಯಿತು. ಅದರಲ್ಲಿ ವೈರ್‌ಲೆಸ್ಸೇ ಇರಲಿಲ್ಲ.

ರಿಪಬ್ಲಿಕ್‌ನಲ್ಲಿ ಇತ್ತು. ಅದನ್ನು ನಡೆಸುತ್ತಿದ್ದವನು ಮಾರ್ಕೋನಿ ಕಂಪನಿಯ ಜ್ಯಾಕ್ ಬಿನ್ಸ್, ಇಪ್ಪತ್ತನಾಲ್ಕರ ಹುಡುಗ. ಮೇಲಿನ ಅಟ್ಟದಲ್ಲಿ ಒಂದು ಮರದ ಕೋಣೆ ಅವನದು. ಡಿಕ್ಕಿಯ ಪೆಟ್ಟಿಗೆ ಅದರ ಗೋಡೆ ಕಿತ್ತುಹೋಗಿತ್ತು. ಜನವರಿಯ ಮಂಜು ನೇರವಾಗಿ ಮೇಜಿನ ಮೇಲೆ ಇಳಿಯುತ್ತಿತ್ತು.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಅಂದಿನ ವೈರ್‌ಲೆಸ್ಸಿನಲ್ಲಿ ಮಾತು ಕೇಳಿಸುತ್ತಿರಲಿಲ್ಲ, ಬರೀ ಕಿಡಿ. ಸುರುಳಿಯೊಂದು ಕಡಿಮೆ ವೋಲ್ಟನ್ನು ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಎರಡು ಲೋಹದ ಗುಂಡುಗಳ ನಡುವಿನ ಸಂದಿನಲ್ಲಿ ಕಿಡಿ ಹಾರುತ್ತದೆ. ಕಿಡಿ ಎಬ್ಬಿಸಿದ ಅಲೆಯನ್ನು ಕಂಬಗಳ ನಡುವೆ ಕಟ್ಟಿದ ತಂತಿ ಆಕಾಶಕ್ಕೆ ಬಿಡುತ್ತದೆ. ಸಂದೇಶ ಬಡಿಯುವ ಕೀಲಿಯನ್ನು ಚೂರು ಒತ್ತಿದರೆ ಚುಕ್ಕೆ, ಹೆಚ್ಚು ಹೊತ್ತು ಒತ್ತಿದರೆ ಗೆರೆ, ಇವೆರಡರ ಜೋಡಣೆಯೇ ಅಕ್ಷರ. ಇಷ್ಟೇ ಯಂತ್ರ. ಇದಕ್ಕೆ ಕರೆಂಟು ಬರುತ್ತಿದ್ದದ್ದು ಹಡಗಿನ ಡೈನಮೋದಿಂದ, ಆ ಡೈನಮೋ ಈಗ ನೀರಿನ ಪಾಲು. ಅಷ್ಟೇ ಇದ್ದಿದ್ದರೆ ಬಿನ್ಸ್ ಎಷ್ಟೇ ಧೈರ್ಯವಂತನಾದರೂ ಕೈಕಟ್ಟಿ ಕೂರಬೇಕಿತ್ತು. ಆದರೆ ತುರ್ತಿಗೆಂದು ಇಟ್ಟ ಬ್ಯಾಟರಿಗಳಿದ್ದವು. ಅವನ್ನು ಜೋಡಿಸಿದ. ಕಿಡಿ ಹಾರಿತು.

ಬ್ಯಾಟರಿಯ ಕಿಡಿಗೆ ಡೈನಮೋದ ಬಲ ಇರುವುದಿಲ್ಲ, ತಲುಪುವ ದೂರ ಕಡಿಮೆ. ಸಾಲದ್ದಕ್ಕೆ ಕತ್ತಲಲ್ಲಿ ತಡಕಾಡುವಾಗ ಕೀಲಿಯ ಹಿಡಿ ಮುರಿಯಿತು. ಒಂದು ಕೈಯಲ್ಲಿ ಮುರಿದ ಕೀಲಿಯನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಬಡಿಯುತ್ತಾ ಹೋದ. ಬಡಿದದ್ದು ಸಿ, ಕ್ಯೂ, ಡಿ. ಸಿಕ್ಯೂ ಎಂದರೆ ತಂತಿ ಕಚೇರಿಗಳ ಹಳೆಯ ವಾಡಿಕೆಯಲ್ಲಿ ‘ಎಲ್ಲ ನಿಲ್ದಾಣಗಳೂ ಕೇಳಿ’ ಎಂದು, ಡಿ ಎಂದರೆ ಆಪತ್ತು. ‘ಕಮ್ ಕ್ವಿಕ್, ಡೇಂಜರ್’, ಅಂದರೆ ‘ಬೇಗ ಬನ್ನಿ, ಅಪಾಯ’ ಎಂಬುದರ ಮೊದಲಕ್ಷರಗಳು ಎಂದು ಈಗಲೂ ಹೇಳುತ್ತಾರೆ. ಅದು ಆಮೇಲೆ ಹುಟ್ಟಿದ ಮಾತು, ನಂಬಬೇಡಿ. ಎಸ್‌ಓಎಸ್ ಎಂಬ ಹೊಸ ಆಪತ್ತಿನ ಸಂಜ್ಞೆ ಆಗಲೇ ಒಪ್ಪಂದವಾಗಿ 1908ರಲ್ಲಿ ಜಾರಿಗೂ ಬಂದಿತ್ತು. ಆದರೆ ಮಾರ್ಕೋನಿಯ ಹುಡುಗರ ಕೈಗೆ ಪಳಗಿದ್ದು ಸಿಕ್ಯೂಡಿ.

ನ್ಯಾಂಟಕೆಟ್ ದ್ವೀಪದ ಸಯಾಸ್ಕಾನ್‌ಸೆಟ್ ಎಂಬಲ್ಲಿ ಮಾರ್ಕೋನಿ ನಿಲ್ದಾಣವಿತ್ತು. ಅಲ್ಲಿಗೆ ಆ ಕ್ಷೀಣ ಕಿಡಿ ಮುಟ್ಟಿತು. ಗುರುತಿಲ್ಲದ ಹಡಗೊಂದು ಗುದ್ದಿದೆ, ನ್ಯಾಂಟಕೆಟ್ ದೀಪನೌಕೆಗೆ (ಹಡಗುಗಳಿಗೆ ಗುರುತಾಗಿ ಸಮುದ್ರದಲ್ಲೇ ದೀಪ ಹೊತ್ತು ನಿಲ್ಲುವ ನೌಕೆ) 26 ಮೈಲಿ ನೈರುತ್ಯದಲ್ಲಿದ್ದೇವೆ ಎಂಬ ಸುದ್ದಿ. ಅಂದರೆ ಬಿನ್ಸ್‌ನ ಬ್ಯಾಟರಿ ಹತ್ತಿರದ ಒಂದೇ ಒಂದು ಕಿವಿಗೆ ಮುಟ್ಟಿದರೆ ಸಾಕಿತ್ತು, ಆ ಕಿವಿಯ ಹಿಂದೆ ಇಡೀ ನಿಲ್ದಾಣದ ಬಲವಿತ್ತು. ಸಯಾಸ್ಕಾನ್‌ಸೆಟ್ ಸುತ್ತಲಿನ ಹಡಗುಗಳಿಗೆಲ್ಲ ಕೂಗಿ ಹೇಳಿತು. ಅದೇ ವೈಟ್ ಸ್ಟಾರ್ ಕಂಪನಿಯ ಬಾಲ್ಟಿಕ್ ಎಂಬ ದೊಡ್ಡ ಹಡಗು ಮಾತು ಕೇಳಿ ತಿರುಗಿತು.

ಹೀಗೆ ತಿರುಗಿದ ಬಾಲ್ಟಿಕ್ ಬಂದು ಮುಟ್ಟಲು ಹನ್ನೆರಡು ಗಂಟೆ ಹಿಡಿಯಿತು. ಇಷ್ಟು ಹೊತ್ತೇಕೆ ಎಂದು ಕೇಳುತ್ತೀರಿ. ಅಂದಿನ ವೈರ್‌ಲೆಸ್ ‘ಇದ್ದೇನೆ’ ಎಂದು ಹೇಳಬಲ್ಲದು, ‘ಈ ದಿಕ್ಕಿನಲ್ಲಿದ್ದೇನೆ’ ಎಂದು ತೋರಿಸಲಾರದು. ಕೊಟ್ಟ ಅಕ್ಷಾಂಶ ರೇಖಾಂಶ ಲೆಕ್ಕಾಚಾರದ್ದು. ಅಷ್ಟರಲ್ಲಿ ಎಂಜಿನ್ ಸತ್ತ ಹಡಗು ಪ್ರವಾಹದಲ್ಲಿ ತೇಲುತ್ತಾ ಜಾಗ ಬಿಟ್ಟಿರುತ್ತದೆ. ಬಾಲ್ಟಿಕ್ ಆ ಮಂಜಿನಲ್ಲಿ ಅಂಕುಡೊಂಕಾಗಿ ಹುಡುಕುತ್ತಾ ಕೂಗು ಹಾಕಿತು, ರಾಕೆಟ್ ಬಾಣ ಹಾರಿಸಿತು, ಸಿಡಿಗುಂಡು ಸಿಡಿಸಿತು. ಸಂಜೆಯ ಹೊತ್ತಿಗೆ ಬಾಲ್ಟಿಕ್‌ನಲ್ಲಿ ಉಳಿದದ್ದು ಒಂದೇ ಸಿಡಿಗುಂಡು. ರಿಪಬ್ಲಿಕ್‌ನದು ಮುಗಿದೇ ಹೋಗಿತ್ತು. ಆ ಕೊನೆಯದನ್ನು ಯಾವಾಗ ಸಿಡಿಸುವುದೆಂದು ಇಬ್ಬರು ಆಪರೇಟರುಗಳು ವೈರ್‌ಲೆಸ್ಸಿನಲ್ಲೇ ಮಾತಾಡಿಕೊಂಡರು. ಆ ಹೊತ್ತಿಗೆ ರಿಪಬ್ಲಿಕ್‌ನಲ್ಲಿ ಉಳಿದಿದ್ದ ಸಿಬ್ಬಂದಿ ಕಟಕಟೆಗೆ ಬಂದು ಉಸಿರು ಬಿಗಿಹಿಡಿದು ಕಿವಿಗೊಟ್ಟು ನಿಂತರು. ದೂರದಲ್ಲಿ ಬಹಳ ಮೆತ್ತಗೆ ಒಂದು ‘ಧಂ’. ಇಂಥ ದಿಕ್ಕಿನಿಂದ ಕೇಳಿಸಿತು, ಹೀಗೆ ಬನ್ನಿ ಎಂದು ಬಿನ್ಸ್ ಕೀಲಿ ಬಡಿದ. ಬಾಲ್ಟಿಕ್ ಮಂಜನ್ನು ಸೀಳಿಕೊಂಡು ಪಕ್ಕಕ್ಕೆ ಬಂದು ನಿಂತಿತು. ಆಗ ರಾತ್ರಿ ಏಳೂವರೆಯ ಸುಮಾರು.

ಗಮನಿಸಿ, ಸಿಡಿಗುಂಡು ಇಲ್ಲಿ ಬರೀ ಸದ್ದು. ಆ ಸದ್ದು ಯಾವ ಕಡೆಯಿಂದ ಬಂತೆಂದು ಸಿಡಿಸಿದವನಿಗೆ ತಿಳಿಸಿದ್ದು ಬ್ಯಾಟರಿಯ ಮೇಲೆ ನಡೆಯುತ್ತಿದ್ದ ವೈರ್‌ಲೆಸ್. ಆ ಬ್ಯಾಟರಿ ಹದಿಮೂರು ಗಂಟೆ ಕಾಲ ಕೈಕೊಡಲಿಲ್ಲ.

ಪ್ರಯಾಣಿಕರು ಎಲ್ಲಿದ್ದರು ಎಂದರೆ ಫ್ಲೋರಿಡಾದಲ್ಲಿ. ಗುದ್ದಿದ ಹಡಗು ಬೆಳಿಗ್ಗೆಯೇ ಹಿಂದಿರುಗಿ ಬಂದಿತ್ತು. ಸೀಲ್ಬಿ ತನ್ನವರನ್ನು ದೋಣಿಗಳಲ್ಲಿ ಅದಕ್ಕೇ ದಾಟಿಸಿದ್ದ. ಈಗ ಮೂತಿ ಮುರಿದ ಆ ಸಣ್ಣ ಹಡಗಿನಲ್ಲಿ ಎರಡು ಹಡಗಿನ ಜನ. ಅದೂ ಅಪಾಯವೇ ಎಂದು ರಾತ್ರಿಯಿಡೀ ಮಳೆಯಲ್ಲಿ, ಏರಿಳಿಯುವ ಅಲೆಯಲ್ಲಿ, ದೋಣಿ ದೋಣಿಯಾಗಿ ಅಷ್ಟೂ ಜನರನ್ನು ಬಾಲ್ಟಿಕ್‌ಗೆ ಸಾಗಿಸಿದರು. ಹೆಂಗಸರು, ಮಕ್ಕಳು ಮೊದಲು. ಬೆಳಗಾಗುವವರೆಗೂ ನಡೆದ ಆ ಸಾಗಾಟದಲ್ಲಿ ಒಂದು ಜೀವವೂ ಹೋಗಲಿಲ್ಲ. ಬಾಲ್ಟಿಕ್ ಅವರನ್ನು ನ್ಯೂಯಾರ್ಕ್ ಸೇರಿಸಿತು.

ರಿಪಬ್ಲಿಕ್‌ಗೆ ಅಮೆರಿಕದ ಸರ್ಕಾರಿ ಗಸ್ತು ನೌಕೆ ಗ್ರೆಶಮ್ ಹಗ್ಗ ಕಟ್ಟಿ ಎಳೆಯಿತು. 24ರ ರಾತ್ರಿ ಎಂಟರ ಸುಮಾರಿಗೆ, ಡಿಕ್ಕಿಯಾಗಿ 38 ಗಂಟೆಗಳ ಮೇಲೆ, ಹಿಂಭಾಗ ಮೊದಲಾಗಿ ಮುಳುಗಿತು. ಕೊನೆಯವರೆಗೆ ಇದ್ದವರು ಸೀಲ್ಬಿ ಮತ್ತು ಎರಡನೆಯ ಅಧಿಕಾರಿ ವಿಲಿಯಮ್ಸ್. ಸೀಲ್ಬಿ ಕೂವೆಮರ ಹತ್ತಿ ರಿವಾಲ್ವರ್ ಹಾರಿಸಿ ಸಂಜ್ಞೆ ಕೊಟ್ಟ. ಇಬ್ಬರನ್ನೂ ನೀರಿನಿಂದ ಎತ್ತಿದರು.

ಈ ಹಡಗಿನ ಮಾತೆತ್ತಿದರೆ ಎಲ್ಲರೂ ಕೇಳುವುದು ಅದರೊಳಗೆ ಚಿನ್ನ ಇತ್ತಂತಲ್ಲ ಎಂದು. ಮುಳುಗಿದ ಜಾಗ ಸುಮಾರು 270 ಅಡಿ ಆಳ, 1981ರಲ್ಲಿ ಅವಶೇಷ ಪತ್ತೆಯಾಯಿತು, ಚಿನ್ನದ ವದಂತಿ ವದಂತಿಯಾಗಿಯೇ ಇದೆ. ಎರಡು ಹಡಗಿನ ಸಾವಿರದ ಐನೂರು ಜನರನ್ನು ಉಳಿಸಿದ ವೈರ್‌ಲೆಸ್ ಇದ್ದ ಹಡಗಿನಲ್ಲಿ ಹುಡುಕಬೇಕಾದ್ದು ಚಿನ್ನವನ್ನೇ?

ಈ ಪಾರುಗಾಣಿಕೆಯಿಂದ ಜಗತ್ತು ಒಂದು ಸರಿಯಾದ ಪಾಠ ಕಲಿಯಿತು, ಒಂದು ತಪ್ಪು ಪಾಠ ಕಲಿಯಿತು. ತಪ್ಪು ಪಾಠ ದೋಣಿಗಳದ್ದು. ರಿಪಬ್ಲಿಕ್‌ನ ದೋಣಿಗಳು ಒಂದೇ ಸಲಕ್ಕೆ ಎಲ್ಲರಿಗೂ ಸಾಲುತ್ತಿರಲಿಲ್ಲ. ಹಡಗು ನಿಧಾನವಾಗಿ ಮುಳುಗಿದ್ದರಿಂದ, ಪಕ್ಕದಲ್ಲಿ ಬೇರೆ ಹಡಗು ಇದ್ದದ್ದರಿಂದ, ಹತ್ತು ಸಲ ಹೋಗಿಬಂದು ಸಾಗಿಸಲು ಆಯಿತು. ಹಾಗಾದರೆ ದೋಣಿ ಕಡಿಮೆಯಿದ್ದರೂ ನಡೆಯುತ್ತದೆ ಎಂಬ ನಂಬಿಕೆ ಗಟ್ಟಿಯಾಯಿತು. 1912ರ ಏಪ್ರಿಲಿನಲ್ಲಿ ಟೈಟಾನಿಕ್ ಎರಡು ಗಂಟೆ ನಲವತ್ತು ನಿಮಿಷದಲ್ಲಿ ಮುಳುಗಿದಾಗ ಪಕ್ಕದಲ್ಲಿ ಯಾವ ಹಡಗೂ ಇರಲಿಲ್ಲ.

ಸರಿಯಾದ ಪಾಠ ವೈರ್‌ಲೆಸ್ಸಿನದು, ಅದೂ ಅರ್ಧಂಬರ್ಧ. 1910ರ ಜೂನ್ 24ರಂದು ಅಮೆರಿಕ ಕಾನೂನು ತಂದಿತು. ಐವತ್ತು ಅಥವಾ ಹೆಚ್ಚು ಜನರಿರುವ ಹಡಗಿನಲ್ಲಿ ನೂರು ಮೈಲಿ ತಲುಪುವ ವೈರ್‌ಲೆಸ್ ಇರಬೇಕು, ನಡೆಸಬಲ್ಲವನೊಬ್ಬ ಇರಬೇಕು. ಪ್ರತ್ಯೇಕ ಕರೆಂಟಿನ ಮಾತೇ ಅದರಲ್ಲಿ ಇರಲಿಲ್ಲ! ಎರಡನೆಯ ಆಪರೇಟರನ ಮಾತೂ ಇರಲಿಲ್ಲ. ಟೈಟಾನಿಕ್ ಮುಳುಗುವಾಗ ಹತ್ತಿರದ ಕ್ಯಾಲಿಫೋರ್ನಿಯನ್ ಹಡಗಿನ ಒಬ್ಬನೇ ಆಪರೇಟರ್ ದಿನದ ಕೆಲಸ ಮುಗಿಸಿ ಮಲಗಿದ್ದ. ಅದಾದ ಮೇಲೆ, 1912ರ ಜುಲೈನಲ್ಲಿ, ಕಾನೂನು ತಿದ್ದಿದರು. ಇಬ್ಬರು ಆಪರೇಟರುಗಳು, ಹಗಲೂ ರಾತ್ರಿಯೂ ಒಬ್ಬರ ಕಿವಿ, ಮತ್ತು ಹಡಗಿನ ಮುಖ್ಯ ಕರೆಂಟಿಗೆ ಸಂಬಂಧವಿಲ್ಲದ, ನಾಲ್ಕು ಗಂಟೆ ನಡೆಸಬಲ್ಲ ಬೇರೆ ಶಕ್ತಿಮೂಲ. ರಿಪಬ್ಲಿಕ್‌ನ ಬ್ಯಾಟರಿ ಮೂರು ವರ್ಷ ಮೊದಲೇ ಇದನ್ನು ತೋರಿಸಿಕೊಟ್ಟಿತ್ತು. ಇಂದಿನ ದೊಡ್ಡ ಹಡಗುಗಳಿಗೂ ಇದೇ ನಿಯಮ. ತುರ್ತು ಜನರೇಟರ್ ಇದ್ದರೆ ರೇಡಿಯೋಗೆ ಒಂದು ಗಂಟೆಯ ಮೀಸಲು ಬ್ಯಾಟರಿ, ಇಲ್ಲದಿದ್ದರೆ ಆರು ಗಂಟೆಯದು.

ಸಮಯ ಮುಗಿಯುತ್ತಾ ಬಂತು. ಮಲ್ಪೆ, ಮಂಗಳೂರು, ಗಂಗೊಳ್ಳಿ, ಕಾರವಾರದ ಬೋಟಿನವರಿಗೆ ಹೇಳಬೇಕೆಂದಿದ್ದದ್ದನ್ನು ಬೇಗ ಹೇಳಿಬಿಡುತ್ತೇನೆ. ತಾಂಡೇಲರು, ಕಲಾಸಿಗಳು ದಯವಿಟ್ಟು ಕೇಳಿಸಿಕೊಳ್ಳಿ. ನಿಮ್ಮ ವಿಎಚ್‌ಎಫ್ ರೇಡಿಯೋ ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಗೇ ಜೋಡಣೆಯಾಗಿದ್ದರೆ, ಅದು ರಿಪಬ್ಲಿಕ್‌ನ ಡೈನಮೋ ಇದ್ದ ಹಾಗೆ. ಬೋಟಿಗೆ ನೀರು ಬಂದರೆ ಮೊದಲು ಮುಳುಗುವುದು ಎಂಜಿನ್ ಕೋಣೆಯ ತಳ, ಬ್ಯಾಟರಿ ಇರುವುದು ಅಲ್ಲೇ.

ರೇಡಿಯೋಗೆ ಬೇರೆಯೇ 12 ವೋಲ್ಟ್ ಬ್ಯಾಟರಿ ಇಡಿ. 25 ವ್ಯಾಟಿನ ಸೆಟ್ಟು ಮಾತಾಡುವಾಗ ಐದಾರು ಆಂಪಿಯರ್ ಎಳೆಯುತ್ತದೆ, ಬರೀ ಕೇಳುವಾಗ ಒಂದಕ್ಕೂ ಕಡಿಮೆ. ಆರು ಗಂಟೆಯಲ್ಲಿ ಅರ್ಧ ಹೊತ್ತು ಮಾತು, ಅರ್ಧ ಹೊತ್ತು ಕೇಳುವುದು ಎಂದು ಲೆಕ್ಕ ಹಾಕಿದರೆ ಇಪ್ಪತ್ತರ ಆಸುಪಾಸು ಆಂಪಿಯರ್-ಗಂಟೆ. ಹಳೆಯದಾದಂತೆ ಬ್ಯಾಟರಿಯ ಶಕ್ತಿ ಇಳಿಯುವುದರಿಂದ 40ರದ್ದು ಹಾಕಿ. ಮೇಲೆ, ಚುಕ್ಕಾಣಿ ಹಿಡಿಯುವ ಕ್ಯಾಬಿನ್ನಿನಲ್ಲಿ ಎತ್ತರದಲ್ಲಿಡಿ, ಬೋಟು ಮಗುಚಿದರೂ ಉರುಳದಂತೆ ಪಟ್ಟಿ ಬಿಗಿಯಿರಿ. ಚಾರ್ಜ್ ಆಗುವಾಗ ಹೊರಡುವ ಗಾಳಿಗೆ ಕಿಡಿ ತಾಗಿದರೆ ಸಿಡಿಯುತ್ತದೆ, ಆದ್ದರಿಂದ ಪೆಟ್ಟಿಗೆಗೆ ಗಾಳಿಕಿಂಡಿ ಬೇಕು. ಉಪ್ಪುಗಾಳಿಗೆ ಟರ್ಮಿನಲ್ ಹಸಿರುಗಟ್ಟುತ್ತದೆ, ಉಜ್ಜಿ ಗ್ರೀಸು ಹಚ್ಚಿ. ಚಾರ್ಜ್ ನಿಲ್ಲಿಸಿ ಕೆಲವು ಗಂಟೆ ಬಿಟ್ಟು ಮೀಟರ್ ಹಿಡಿದರೆ 12.6 ತೋರಿಸಬೇಕು. 12ಕ್ಕೆ ಬಂದಿದ್ದರೆ ಅದು ಹೆಚ್ಚುಕಡಿಮೆ ಖಾಲಿ.

ಆಪತ್ತು ಬಂದರೆ ಚಾನೆಲ್ 16. ‘ಮೇಡೇ’ ಎಂದು ಮೂರು ಸಲ, ಬೋಟಿನ ಹೆಸರು, ಜಿಪಿಎಸ್ಸಿನ ಅಂಕಿ, ಏನಾಗಿದೆ, ಎಷ್ಟು ಜನ. ಹೆಸರಾದ ಕೂಡಲೇ ಅಂಕಿಯನ್ನು ಹೇಳಿಬಿಡಿ, ಬಾಲ್ಟಿಕ್ ಹುಡುಕಿದ ಹಾಗೆ ಹನ್ನೆರಡು ಗಂಟೆ ಹುಡುಕಿಸಬೇಡಿ. ದಡದಲ್ಲಿರುವ ಮನೆಯವರು ಕರಾವಳಿ ಕಾವಲು ಪಡೆಯ 1554ಕ್ಕೆ ಫೋನ್ ಮಾಡಬಹುದು.

ಮಳೆಗಾಲದ ಮೀನುಗಾರಿಕೆ ನಿಷೇಧದಿಂದ ಜೂನ್ 1ರಿಂದ ಜುಲೈ 31ರವರೆಗೆ ಬೋಟುಗಳು ದಡದಲ್ಲೇ ಇರುತ್ತವೆ. ಆಗ ಒಂದು ದಿನ ಎಂಜಿನ್ ಬ್ಯಾಟರಿಯ ಸ್ವಿಚ್ ಪೂರ್ತಿ ಆಫ್ ಮಾಡಿ, ರೇಡಿಯೋ ಹಾಕಿ ನೋಡಿ. ದೀಪ ಹತ್ತಿದರೆ ಪಕ್ಕದ ಬೋಟಿನವರನ್ನು 16 ಬಿಟ್ಟು ಬೇರೆ ಚಾನೆಲ್ಲಿನಲ್ಲಿ ಕರೆಯಿರಿ. ಹತ್ತದಿದ್ದರೆ ಅಂದೇ ಎಲೆಕ್ಟ್ರಿಷಿಯನ್ನನ್ನು ಕರೆಸಿ.

ನಮಸ್ಕಾರ.